2.58 ಲಕ್ಷ ಕಿಲೋಮೀಟರ್ ಓಡಿದ ಫಾರ್ಚೂನರ್‌ಗೆ 13.25 ಲಕ್ಷ ಕೊಡಬಹುದಾ?

ಗಾಡಿ 2013ರ ಟೊಯೋಟಾ ಫಾರ್ಚೂನರ್. 3.0 ಲೀಟರ್ ಡೀಸೆಲ್, ಮ್ಯಾನುಯಲ್ ಗೇರ್, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ. ಬೆಂಗಳೂರು ರಿಜಿಸ್ಟ್ರೇಷನ್, ಈಗಿನವರು ಎರಡನೇ ಮಾಲೀಕರು. ಮೀಟರ್‌ನಲ್ಲಿ 2,58,000 ಕಿಲೋಮೀಟರ್. ಕೇಳಿದ ಬೆಲೆ 13.25 ಲಕ್ಷ. ತಗೊಳ್ಳಬೇಕು ಅಂತ ಹೊರಟವನು ನನ್ನ ಚಿಕ್ಕಪ್ಪನ ಮಗ, ಮೂಡಿಗೆರೆ ಕಡೆ ಕಾಫಿ ತೋಟ ಇದೆ. "ಅಣ್ಣ, ಇಷ್ಟು ಓಡಿದ ಗಾಡಿಗೆ ಇಷ್ಟು ದುಡ್ಡು ಕೊಡಬಹುದಾ?" ಅಂತ ಕೇಳಿದ.

ಟೊಯೋಟಾ ಅಂದ್ರೆ ಐದು ಲಕ್ಷ ಓಡುತ್ತೆ, ಕಣ್ಣು ಮುಚ್ಚಿಕೊಂಡು ತಗೋ ಅನ್ನುವವರು ಒಂದು ಕಡೆ ಸಿಗುತ್ತಾರೆ. ಎರಡೂವರೆ ಲಕ್ಷ ಓಡಿದ್ದನ್ನು ಯಾರಾದರೂ ತಗೋತಾರಾ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಮಾತು ಒಪ್ಪಿಗೆಯಿಲ್ಲ. ಯಾವ ಕಿಲೋಮೀಟರ್‌ಗೆ ಏನು ಕೆಲಸ ಆಗಿದೆ, ಏನು ಬಾಕಿ ಉಳಿದಿದೆ, ಆ ಬಾಕಿ ಕೆಲಸದ ದುಡ್ಡನ್ನು ಬೆಲೆಯಲ್ಲಿ ಬಿಟ್ಟಿದ್ದಾರಾ ಇಲ್ಲವಾ ಅನ್ನುವುದನ್ನು ನೋಡಬೇಕು. ಈ ಗಾಡಿಯ ವಿಷಯದಲ್ಲಿ ನಾವು ಹಾಗೆ ನೋಡಿದೆವು. ಏನು ಸಿಕ್ಕಿತು ಅಂತ ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಮಲೆನಾಡಿನಲ್ಲಿ ಇದೇ ಯೋಚನೆಯಲ್ಲಿರುವವರು ಜಾಸ್ತಿ.

ಮೊದಲು ಬೇಕಾಗಿರುವುದು ಏನು ಅಂತ ಕೂತು ಮಾತಾಡಿದೆವು. ಟಾರ್ ರಸ್ತೆಯಿಂದ ತೋಟದ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರಲ್ಲಿ ಎರಡು ಕಡೆ ಕೆಂಪು ಮಣ್ಣು ಜಾರುತ್ತದೆ, ಒಂದು ಕಡೆ ಸಣ್ಣ ಹಳ್ಳ ದಾಟಬೇಕು. ಗೊಬ್ಬರ, ಕಾಫಿ ಮೂಟೆ ಹೊರುವುದಕ್ಕೆ ಹಳೆ ಜೀಪ್ ಇದೆ, ಪಿಕಪ್ ಬಾಡಿಗೆಗೆ ಬರುತ್ತದೆ. ಹಾಗಾಗಿ ಹೊರೆ ಸಾಗಿಸುವ ಗಾಡಿ ಬೇಕಾಗಿಲ್ಲ. ಬೇಕಾಗಿರುವುದು ಮಳೆಗಾಲದ ರಾತ್ರಿಯಲ್ಲೂ ಚಿಕ್ಕಮ್ಮನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವಂಥ, ಮಕ್ಕಳನ್ನೂ ಲಗೇಜನ್ನೂ ತುಂಬಿಕೊಂಡು ಬೆಂಗಳೂರಿಗೆ ಹೋಗಿಬರುವಂಥ ಒಂದೇ ಗಾಡಿ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಓಡಬಹುದು. ಇಟ್ಟುಕೊಳ್ಳುವುದು ಕನಿಷ್ಠ ಐದು ವರ್ಷ.

ಇಷ್ಟು ಸ್ಪಷ್ಟವಾದ ಮೇಲೆ ಇದೇ ದುಡ್ಡಿಗೆ ಬೇರೆ ಏನು ಸಿಗುತ್ತೆ ಅಂತ ನೋಡಿದೆವು. ಹೊಸ ಮಾರುತಿ ಜಿಮ್ನಿ ಇದೆ. 2023ರ ಜೂನ್‌ನಲ್ಲಿ ಬಂದಾಗ ಅದರ ಶುರುವಿನ ಬೆಲೆ 12.74 ಲಕ್ಷ ಇತ್ತು. ಜಾರುವ ಮಣ್ಣಿನಲ್ಲಿ ಭಾರ ಕಡಿಮೆ ಇರುವ ಜಿಮ್ನಿ ಈ ಎರಡು ಟನ್ ಹತ್ತಿರದ ಫಾರ್ಚೂನರ್‌ಗಿಂತ ಸುಲಭವಾಗಿ ಹತ್ತುತ್ತದೆ, ವಾರಂಟಿ ಬೇರೆ. ಆದರೆ ನಾಲ್ಕೇ ಸೀಟು. ಹಿಂದೆ ಕೂತರೆ ಲಗೇಜಿಗೆ ಜಾಗ ಕಡಿಮೆ. ಮೊಣಕಾಲು ನೋವಿನ ಚಿಕ್ಕಮ್ಮನಿಗೆ ಆ ಹಿಂದಿನ ಸೀಟು ಹಿಡಿಸಲಿಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. 2024ರ ಆಗಸ್ಟ್‌ನಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಫೋರ್ ಬೈ ಫೋರ್ ಬೇಕೆಂದರೆ ಡೀಸೆಲ್ಲೇ ತಗೋಬೇಕು, ಅದು ಬಜೆಟ್ ದಾಟುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 2020ರ ಏಪ್ರಿಲ್ ನಂತರದ, ಬಿಎಸ್6 ಅನ್ನುವ ಮಾಲಿನ್ಯ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಅದು ತನ್ನೊಳಗಿನ ಮಸಿಯನ್ನು ಚೆನ್ನಾಗಿ ಸುಟ್ಟುಕೊಳ್ಳುತ್ತದೆ. ತೋಟ, ಪಂಚಾಯಿತಿ, ಸೊಸೈಟಿ ಅಂತ ದಿನವೂ ನಾಲ್ಕೈದು ಕಿಲೋಮೀಟರ್ ಫಸ್ಟ್ ಸೆಕೆಂಡ್ ಗೇರಿನಲ್ಲೇ ಓಡಾಡುವವರಿಗೆ ಇದು ಕಿರಿಕಿರಿ. 2013ರ ಫಾರ್ಚೂನರ್‌ನಲ್ಲಿ ಈ ಫಿಲ್ಟರ್ ಇಲ್ಲ. ಇವನ ಬಳಕೆಗೆ ಹಳೆ ಡೀಸೆಲ್ ಎಂಜಿನ್ ನಿಜವಾಗಿ ಹೊಂದುತ್ತದೆ. ಸುಮ್ನೆ ಹೆಸರಿಗೋಸ್ಕರ ಫಾರ್ಚೂನರ್ ಕೇಳುತ್ತಿದ್ದಾನೆ ಅಂತ ನಾನು ಅಂದುಕೊಳ್ಳಲಿಲ್ಲ.

ದೆಹಲಿ ಗಾಡಿಗಳ ವಿಷಯವೂ ಬಂತು. ಅದೇ ಮಾಡೆಲ್, ಒಂದು ವರ್ಷ ಹೊಸದು, ದೆಹಲಿ ರಿಜಿಸ್ಟ್ರೇಷನ್, 9.25 ಲಕ್ಷಕ್ಕೆ ಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹಿಂದೆ ಬಿದ್ದಿದ್ದ. ಅಲ್ಲಿ ಇಷ್ಟು ಕಡಿಮೆಗೆ ಸಿಗುವುದಕ್ಕೆ ಕಾರಣ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ, ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ಆದೇಶಗಳ ಪ್ರಕಾರ ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಅಂತಾಗಿತ್ತು, 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ವಲ್ಪ ಸಡಿಲಿಸಿತು. ಆ ಆದೇಶಗಳಿಂದಾಗಿ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಬರತೊಡಗಿದವು. ಆದರೆ ಅಲ್ಲಿಂದ ಆಕ್ಷೇಪಣೆ ಇಲ್ಲ ಅನ್ನುವ ಎನ್‌ಒಸಿ ಪತ್ರ ತರಬೇಕು, ಇಲ್ಲಿನ ಆರ್‌ಟಿಒದಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಗಾಡಿಗೆ ಇಲ್ಲಿ ತೆರಿಗೆ 18 ಪರ್ಸೆಂಟ್, ವಯಸ್ಸಾದಂತೆ ಅದು ಇಳಿಯುತ್ತದೆ ನಿಜ, ಆದರೂ ಇಳಿದ ಮೇಲೂ ಸಣ್ಣ ಮೊತ್ತ ಅಲ್ಲ. ಅದಕ್ಕಿಂತ ಮುಖ್ಯ ಏನೆಂದರೆ ಅಲ್ಲಿನ ಸರ್ವಿಸ್ ಮಾಡಿದವರನ್ನು, ಹಳೆ ಮಾಲೀಕರನ್ನು ನಾವು ಇಲ್ಲಿ ಕೂತು ವಿಚಾರಿಸುವುದು ಕಷ್ಟ. ಅದನ್ನು ಬಿಟ್ಟೆವು.

ಇನ್ನು ನಮ್ಮ ಗಾಡಿಯ ಕಾಗದಗಳು. ಆರ್‌ಸಿ, ಇನ್ಶೂರೆನ್ಸ್ ಸರಿ ಇತ್ತು. ಹಳೆ ಲೋನ್ ತೀರಿದೆ ಅಂತ ಆರ್‌ಸಿಯಲ್ಲೂ ದಾಖಲಾಗಿತ್ತು. ಟ್ರಾಫಿಕ್ ದಂಡ ಒಂದಿಷ್ಟು ಬಾಕಿ ಇತ್ತು, ಅದನ್ನು ಕಟ್ಟಿಕೊಡುತ್ತೇನೆ ಅಂದರು. ಚಾಸಿ ನಂಬರನ್ನು ಆರ್‌ಸಿಯಲ್ಲಿ ಓದಿ ಬಿಟ್ಟರೆ ಸಾಲದು, ಚಾಸಿ ಮೇಲೆ ಕೊರೆದಿರುವುದನ್ನು ಮಣ್ಣು ಒರೆಸಿ ನೋಡಿ ತಾಳೆ ಹಾಕಿದೆವು. ರಿಜಿಸ್ಟ್ರೇಷನ್ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಮಾಡಿಸಬಹುದು ಅನ್ನುವುದು ಸರಿ, ಆದರೆ ಐದು ವರ್ಷ ಇಟ್ಟುಕೊಂಡು ಮಾರುವಾಗ ಅದು 15 ದಾಟಿದ ಡೀಸೆಲ್ ಗಾಡಿ. ಆಗ ಏನು ಬೆಲೆ ಬರುತ್ತದೆ ಅಂತ ಈಗಲೇ ಯಾರೂ ಬರೆದುಕೊಡಲಾರರು. ಈಗಿನ ರೀಸೇಲ್ ಬೆಲೆ ನೋಡಿಕೊಂಡು ಮುಂದೆಯೂ ಹಾಗೇ ನಿಲ್ಲುತ್ತದೆ ಅಂತ ಲೆಕ್ಕ ಹಾಕಬಾರದು.

ಮೀಟರ್ ನಿಜವಾ? ಇದನ್ನು ಬಗೆಹರಿಸುವುದಕ್ಕೆ ನಾವು ಜಾಸ್ತಿ ಸಮಯ ಕೊಟ್ಟೆವು. ಮಾಲೀಕರಿಂದಲೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿಸಿ ಹಿಂದಿನ ದಾಖಲೆ ತರಿಸಿದೆವು. ಮೊದಲ ಮಾಲೀಕರು 2018ರಲ್ಲಿ ಮಾರುವ ತನಕ ಕಂಪನಿ ಸರ್ವಿಸ್, 1,62,000 ಕಿಲೋಮೀಟರ್ ತನಕ ಒಂದೂ ತಪ್ಪಿಲ್ಲ. ಆಮೇಲೆ ಹೊರಗಿನ ಗ್ಯಾರೇಜು. ಬಿಲ್ ಇಲ್ಲ. 2021ರಲ್ಲಿ ಇನ್ಶೂರೆನ್ಸ್ ಒಂದಷ್ಟು ದಿನ ತಪ್ಪಿಹೋಗಿ ಮತ್ತೆ ಮಾಡಿಸುವಾಗ ತೆಗೆದ ಇನ್‌ಸ್ಪೆಕ್ಷನ್ ಫೋಟೋ ಅವರ ಮೇಲ್‌ನಲ್ಲಿತ್ತು, ಅದರಲ್ಲಿ ಮೀಟರ್ 1,98,000 ತೋರಿಸುತ್ತಿತ್ತು. ಈ ಫೋಟೋ ಕೇಳಬಹುದು ಅಂತ ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ಕೂಡ ಕೇಳಿದೆವು, ಹಾಸನ ಮತ್ತು ಮೈಸೂರು ರಸ್ತೆಯ ಟೋಲ್‌ಗಳೇ ಜಾಸ್ತಿ ಇದ್ದವು. ಸ್ಟೀರಿಂಗ್ ಚರ್ಮ, ಕ್ಲಚ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಅಂಚು ಸವೆದ ರೀತಿಯೂ ಇದಕ್ಕೆ ಹೊಂದುತ್ತಿತ್ತು. ಮೀಟರ್ ತಿರುಗಿಸಿಲ್ಲ ಅಂತ ಒಪ್ಪಿಕೊಂಡೆವು.

ಹಾಗಾದರೆ 2.58 ಲಕ್ಷ ನನ್ನನ್ನು ಹೆದರಿಸಲಿಲ್ಲ. ಅದರೊಳಗಿನ ಕೊನೆಯ 96,000 ಕಿಲೋಮೀಟರ್ ಹೆದರಿಸಿತು. ಯಾವ ಆಯಿಲ್ ಹಾಕಿದರು, ಎಷ್ಟಕ್ಕೆ ಬದಲಿಸಿದರು ಅಂತ ಕೇಳಿದರೆ "ಟೈಮಿಗೆ ಸರಿಯಾಗಿ ಮಾಡಿಸಿದ್ದೀವಿ ಸರ್" ಅನ್ನುವ ಮಾತು ಬಿಟ್ಟರೆ ಕೈಯಲ್ಲಿ ಹಿಡಿಯುವಂಥ ಒಂದು ಕಾಗದ ಇಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ಆದರೆ ಈ ಎಂಜಿನ್‌ಗೆ ಆ ಕಾಗದ ಯಾಕೆ ಬೇಕು ಅನ್ನುವುದಕ್ಕೆ ಬಲವಾದ ಕಾರಣ ಇದೆ.

ಇದು 1ಕೆಡಿ ಅನ್ನುವ 2,982 ಸಿಸಿ ಎಂಜಿನ್. 2009ರಲ್ಲಿ ಫಾರ್ಚೂನರ್ ಇಲ್ಲಿಗೆ ಬಂದಾಗಿನಿಂದ 2016ರಲ್ಲಿ ಹೊಸ ಮಾಡೆಲ್ ಬರುವ ತನಕ ಫೋರ್ ಬೈ ಫೋರ್ ಗಾಡಿಯಲ್ಲಿ ಇದೇ ಎಂಜಿನ್ ಇತ್ತು. ಗಟ್ಟಿ ಎಂಜಿನ್, ಅನುಮಾನ ಇಲ್ಲ. ಆದರೆ ಇದರಲ್ಲಿ ಗೊತ್ತಿರಬೇಕಾದ ವಿಷಯ ಎರಡಿವೆ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಳಗೆ ತಾಮ್ರದ ಸಣ್ಣ ಸೀಲ್ ಇರುತ್ತದೆ. ಅದು ಸವೆದರೆ ಸಿಲಿಂಡರ್ ಒಳಗಿನ ಸುಟ್ಟ ಗಾಳಿ ಮೇಲೆ ನುಗ್ಗಿ ಎಂಜಿನ್ ಆಯಿಲ್ ಜೊತೆ ಸೇರುತ್ತದೆ, ಆಯಿಲ್‌ನಲ್ಲಿ ಮಸಿ ಕಟ್ಟುತ್ತದೆ, ಆ ಮಸಿ ಕೆಳಗಿನ ಚೇಂಬರ್‌ನಲ್ಲಿರುವ ಆಯಿಲ್ ಎಳೆಯುವ ಜಾಲರಿಯನ್ನು ಮುಚ್ಚುತ್ತದೆ. ಕೊನೆಗೆ ಆಯಿಲ್ ಪ್ರೆಶರ್ ಬಿದ್ದು ಇಡೀ ಎಂಜಿನ್ ಹೋಗುತ್ತದೆ. ಇದೇ ಎಂಜಿನ್‌ನ ಪ್ರಾಡೊ, ಹೈಲಕ್ಸ್ ಗಾಡಿಗಳು ಜಾಸ್ತಿ ಓಡುವ ಆಸ್ಟ್ರೇಲಿಯಾದಲ್ಲಿ ಈ ವಿಷಯ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಸೀಲ್ ಬೆಲೆ ಚಿಲ್ಲರೆ. ಅದನ್ನು ನೋಡದೆ ಬಿಟ್ಟರೆ ಆಗುವ ನಷ್ಟ ಲಕ್ಷಗಳಲ್ಲಿ.

ಎರಡನೆಯದು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗಿನ ಪಿಸ್ಟನ್, ವಾಲ್ವ್‌ಗಳನ್ನು ಒಂದೇ ತಾಳಕ್ಕೆ ಓಡಿಸುವ ಬೆಲ್ಟ್. ಇದಕ್ಕೆ ಚೈನ್ ಅಲ್ಲ, ಬೆಲ್ಟ್. ಸಾಮಾನ್ಯವಾಗಿ 1.5 ಲಕ್ಷ ಕಿಲೋಮೀಟರ್‌ಗೆ ಬದಲಿಸಬೇಕು, ಮೀಟರ್‌ನಲ್ಲಿ ದೀಪ ಹತ್ತಿ ನೆನಪಿಸುತ್ತದೆ. ಆ ದೀಪವನ್ನು ಬೆಲ್ಟ್ ಬದಲಿಸದೆಯೂ ಆರಿಸಬಹುದು, ಹಾಗಾಗಿ ದೀಪ ಇಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಬೇಡ, ಬಿಲ್ ಬೇಕು. ಬೆಲ್ಟ್ ಓಡುವಾಗ ಕಿತ್ತುಹೋದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಈ ಗಾಡಿಯಲ್ಲಿ 1,48,000ಕ್ಕೆ ಬೆಲ್ಟ್ ಬದಲಿಸಿದ ಬಿಲ್ ಇತ್ತು. ಅಂದರೆ ಮುಂದಿನದು ಮೂರು ಲಕ್ಷದ ಹತ್ತಿರ. ಹೊಸ ಮಾಲೀಕನ ಕೈಯಲ್ಲಿ ಮೂರೂವರೆ ವರ್ಷದೊಳಗೆ ಆ ಖರ್ಚು ಬಂದೇ ಬರುತ್ತದೆ. ಬೆಲ್ಟ್‌ಗೆ ಈಗಾಗಲೇ ವರ್ಷಗಳೂ ಆಗಿವೆ, ಹಾಗಾಗಿ ನಾನಾಗಿದ್ದರೆ ಅಷ್ಟು ದಿನ ಕಾಯುವುದಿಲ್ಲ.

ಗಾಡಿ ನೋಡುವ ದಿನ ಎಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿದ್ದೆವು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿದೆವು, ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬಿಳಿ ಹೊಗೆ ಸ್ವಲ್ಪ ಬಂದು ನಿಂತಿತು. ಮೊದಲ ಅರ್ಧ ನಿಮಿಷ ಸ್ವಲ್ಪ ಕಟಕಟ ಅಂದಿತು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗಾಗಿ ಅಲ್ಲೇ ಇಟ್ಟೆವು, ಸ್ವಲ್ಪ ಅಲುಗಾಡಿತು, ಹಾರಿಹೋಗಲಿಲ್ಲ. ಹಾರಿದ್ದರೆ ಪಿಸ್ಟನ್ ರಿಂಗ್ ಅಥವಾ ಆ ಸೀಲ್‌ಗಳ ಮೇಲೆ ಗುಮಾನಿ. ಆಮೇಲೆ ಸ್ಕ್ಯಾನರ್ ಹಾಕಿ ನಾಲ್ಕೂ ಇಂಜೆಕ್ಟರ್‌ಗಳ ಫೀಡ್‌ಬ್ಯಾಕ್, ಅಂದರೆ ಡೀಸೆಲ್ ಅಳತೆಯ ಏರುಪೇರು ಓದಿದೆವು. ಮೂರು ಸರಿಯಾಗಿದ್ದವು, ಒಂದು ಅಂಚಿಗೆ ಬಂದಿತ್ತು. ಇವತ್ತು ಕೆಟ್ಟಿಲ್ಲ, ಆದರೆ ಇಂಜೆಕ್ಟರ್‌ಗೆ ದುಡ್ಡು ತೆಗೆದಿಡಿ ಅಂದರು ಜೊತೆಗೆ ಬಂದಿದ್ದ ಮೆಕ್ಯಾನಿಕ್. ಹಾಸನದಲ್ಲಿ ಬರೀ ಇಂಥ ಗಾಡಿಗಳನ್ನೇ ಮಾಡುವವರು, ಅವರನ್ನು ಒಂದು ದಿನದ ಕೂಲಿ ಕೊಟ್ಟು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಕೆಳಗೆ ಚಾಸಿ ಚೆನ್ನಾಗಿತ್ತು. ಈ ಗಾಡಿಗೆ ಲಾರಿಯ ಹಾಗೆ ಬೇರೆಯೇ ಚಾಸಿ, ಅದರ ಮೇಲೆ ಬಾಡಿ. ಸಮುದ್ರದ ಹತ್ತಿರ ಇದ್ದ ಗಾಡಿಯಲ್ಲೂ ಕೆಸರಲ್ಲಿ ಓಡಿಸಿ ತೊಳೆಯದೆ ಬಿಟ್ಟ ಗಾಡಿಯಲ್ಲೂ ಚಾಸಿ ಒಳಗಿಂದ ತುಕ್ಕು ತಿನ್ನುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟಿ ನೋಡಿದೆವು, ಎಲ್ಲೂ ಪೊಳ್ಳು ಶಬ್ದ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕಡೆ ನೀರು ನುಗ್ಗಿ ದುಬಾರಿ ಗಾಡಿಗಳೆಲ್ಲ ಮುಳುಗಿದ್ದು ನೆನಪಿದೆಯಲ್ವಾ, ಹಾಗಾಗಿ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ಕೆಸರಿನ ಗೆರೆ ಇದೆಯಾ ನೋಡಿದೆವು, ಕಾರ್ಪೆಟ್ ಎತ್ತಿ ನೋಡಿದೆವು. ನೀರಿನ ಗುರುತಿಲ್ಲ. ಗಾಜುಗಳ ಮೇಲಿನ ವರ್ಷದ ಗುರುತು ಎಡಗಡೆ ಹಿಂದಿನ ಬಾಗಿಲಲ್ಲಿ ಮಾತ್ರ ಬೇರೆ ಇತ್ತು, ಆ ಬಾಗಿಲಿಗೆ ಪೇಂಟೂ ಆಗಿತ್ತು. ಆಟೋ ಗುದ್ದಿತ್ತು ಅಂದರು. ಅದು ದೊಡ್ಡ ವಿಷಯ ಅಲ್ಲ.

ದೊಡ್ಡ ವಿಷಯ ಫೋರ್ ಬೈ ಫೋರ್. ಈ ಮಾಡೆಲ್‌ನಲ್ಲಿ ನಾಲ್ಕು ಚಕ್ರಕ್ಕೂ ಯಾವಾಗಲೂ ಶಕ್ತಿ ಹೋಗುತ್ತದೆ. ಮಧ್ಯದಲ್ಲೊಂದು ಡಿಫರೆನ್ಷಿಯಲ್, ಅಂದರೆ ತಿರುಗುವಾಗ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಗೇರುಗಳ ಗುಂಪು, ಜಾರುವ ಕಡೆ ಎರಡನ್ನೂ ಒಟ್ಟಿಗೆ ಎಳೆಸಲು ಅದಕ್ಕೆ ಲಾಕ್, ಜೊತೆಗೆ ನಿಧಾನವಾಗಿ ಬಲವಾಗಿ ಎಳೆಯುವ ಲೋ ಗೇರ್. ತೋಟದ ದಾರಿಗೆ ಬೇಕಾಗಿರುವುದು ಆ ಲಾಕು ಮತ್ತು ಲೋ ಗೇರೇ. ಬೆಂಗಳೂರಲ್ಲಿದ್ದ ಗಾಡಿಯಲ್ಲಿ ಆ ಲಿವರ್ ಯಾರೂ ಮುಟ್ಟಿರುವುದಿಲ್ಲ. ಉಪಯೋಗಿಸದೇ ಇದ್ದರೆ ಅದು ಹಿಡಿದುಕೊಳ್ಳುತ್ತದೆ. ಟಾರ್ ಮೇಲೆ ಲಾಕ್ ಹಾಕಿ ತಿರುಗಿಸಬಾರದು, ಹಾಗಾಗಿ ಹತ್ತಿರದ ಖಾಲಿ ಲೇಔಟ್‌ನ ಸಡಿಲ ಮಣ್ಣಿಗೆ ಗಾಡಿ ಒಯ್ದೆವು. ಲೋ ಗೇರ್ ಬಿತ್ತು. ಲಾಕ್ ದೀಪ ಮಾತ್ರ ಮಿಟುಕುತ್ತಲೇ ಇತ್ತು. ಹಿಂದೆ ಮುಂದೆ ಎಷ್ಟು ಓಡಿಸಿದರೂ ಲಾಕ್ ಕೂರಲಿಲ್ಲ. ಮಾಲೀಕರು ಪ್ರಾಮಾಣಿಕವಾಗಿ "ನಾನು ಒಂದು ಸಲವೂ ಹಾಕಿಲ್ಲ ಸರ್" ಅಂದರು. ಯಾವ ಕೆಲಸಕ್ಕೆ ಗಾಡಿ ಬೇಕೋ ಆ ಕೆಲಸ ಮಾಡುವ ಭಾಗವೇ ನಿಂತಿದೆ. ಇನ್ನೊಂದು, ಟೈರ್‌ಗಳು ಎರಡು ಕಂಪನಿಯವು, ಮುಂದಿನ ಜೋಡಿ ಸವೆದಿದೆ, ಹಿಂದಿನದು ಹೊಸದು. ನಾಲ್ಕೂ ಚಕ್ರ ಯಾವಾಗಲೂ ಎಳೆಯುವ ಗಾಡಿಯಲ್ಲಿ ಹೀಗೆ ಟೈರ್ ಬೆರೆಸಿ ಓಡಿಸಿದರೆ ಮಧ್ಯದ ಡಿಫರೆನ್ಷಿಯಲ್ ಮೇಲೆ ದಿನವೂ ಹೊರೆ. ಇದನ್ನು ಎಷ್ಟು ಕಾಲದಿಂದ ಮಾಡಿದ್ದಾರೋ, ಆ ಕಾಗದವಿಲ್ಲದ 96,000 ಕಿಲೋಮೀಟರ್ ಮತ್ತೆ ಎದುರಿಗೆ ಬಂತು.

ಮೆಕ್ಯಾನಿಕ್ ಕೊಟ್ಟ ಅಂದಾಜು ಹೀಗಿತ್ತು. ಒಂದೇ ಥರದ ನಾಲ್ಕು ಟೈರ್‌ಗೆ 62,000. ಮುಂದಿನ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಸೇರಿ 58,000. ಇಂಜೆಕ್ಟರ್ ಸೀಲ್ ಬದಲಿಸಿ, ಚೇಂಬರ್ ಬಿಚ್ಚಿ ಜಾಲರಿ ತೊಳೆದು, ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ, ಹಿಂದಿನ ಡಿಫರೆನ್ಷಿಯಲ್‌ಗಳ ಆಯಿಲ್ ಮತ್ತು ಕೂಲೆಂಟ್ ಬದಲಿಸುವುದಕ್ಕೆ 45,000. ಲಾಕ್ ಹಾಕುವ ಭಾಗ ಬಿಚ್ಚಿ ಸರಿ ಮಾಡಲು 30,000. ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್ ಮತ್ತು ಹಿಂದಿನ ಒಂದು ಬೇರಿಂಗ್ 20,000. ಒಟ್ಟು 2.15 ಲಕ್ಷ, ಇದು ತೋಟಕ್ಕೆ ತರುವ ಮೊದಲೇ ಆಗಬೇಕಾದ ಕೆಲಸ. ಟೈಮಿಂಗ್ ಬೆಲ್ಟ್, ಕ್ಲಚ್, ಇಂಜೆಕ್ಟರ್‌ಗಳಿಗೆ ಅಂತ ಇನ್ನೂ 2.35 ಲಕ್ಷ ಕೈಯಲ್ಲಿರಬೇಕು. ಅದೆಲ್ಲ ಈ ವರ್ಷ ಬರುವುದಿಲ್ಲ, ಆದರೆ ಐದು ವರ್ಷ ಇಟ್ಟುಕೊಳ್ಳುವವನಿಗೆ ಖಂಡಿತ ಬರುತ್ತದೆ. ಅಂದರೆ 13.25 ಲಕ್ಷದ ಗಾಡಿ ರಸ್ತೆಗೆ ಇಳಿಯುವಾಗ 15.40, ಐದು ವರ್ಷದಲ್ಲಿ 17.75.

"ಅಲ್ಲ ಮಾರಾಯ, ದುಡ್ಡು ಇದೆ, ಇಲ್ಲ ಅನ್ನುವುದು ಬೇರೆ ಮಾತು. ಆ 2.15 ಲಕ್ಷ ಯಾರದು ಅನ್ನುವುದನ್ನು ಮೊದಲು ಕೇಳು" ಅಂದೆ. ಅವರು ಏಳು ವರ್ಷ ಓಡಿಸಿ ಸವೆಸಿದ ಬುಷ್, ಟೈರ್‌ಗೆ ಇವನು ಯಾಕೆ ಪೂರ್ತಿ ಬೆಲೆ ಕೊಡಬೇಕು? ಇದೇ ವರ್ಷದ, ದಾಖಲೆ ಪೂರ್ತಿ ಇರುವ, ಎಲ್ಲ ಕೆಲಸ ಮಾಡುವ ಗಾಡಿಗಳನ್ನು ನಾವು ನೋಡಿದಾಗ 12.5ರಿಂದ 13 ಲಕ್ಷ ಹೇಳುತ್ತಿದ್ದರು. ಅದರ ಮಧ್ಯದ 12.75ರಿಂದ 2.15 ಕಳೆದರೆ 10.60. ಹಾಗಾಗಿ 10.50ಕ್ಕೆ ಕೇಳುವುದು, 10.75 ದಾಟಬಾರದು ಅಂತ ಮನೆಯಲ್ಲೇ ಬರೆದಿಟ್ಟುಕೊಂಡೆವು. ಮಾತು ಶುರುವಾದ ಮೇಲೆ ಮನಸ್ಸು ಬದಲಾಗುತ್ತದೆ, ಗಾಡಿ ಮುಂದೆ ನಿಂತಿರುತ್ತದೆ, ಬಣ್ಣ ಹೊಳೆಯುತ್ತಿರುತ್ತದೆ. ಅದಕ್ಕೇ ಮೊದಲೇ ಬರೆದಿಡಬೇಕು.

ಮಾಲೀಕರಿಗೆ ಅಂದಾಜಿನ ಚೀಟಿಯನ್ನೇ ತೋರಿಸಿದೆವು. ಸಿಟ್ಟಾಗಲಿಲ್ಲ, ಟೈರ್ ಮತ್ತು ಬುಷ್ ವಿಷಯ ಒಪ್ಪಿಕೊಂಡರು. ಲಾಕ್ ವಿಷಯ ಒಪ್ಪಲಿಲ್ಲ, "ಅದನ್ನ ಯಾರು ಸರ್ ಉಪಯೋಗಿಸ್ತಾರೆ" ಅಂದರು. ಅವರ ದೃಷ್ಟಿಯಲ್ಲಿ ಅದು ಸರಿಯೇ. ಇನ್ನೂ ಒಂದು ವಿಷಯ ಅವರಿಗೆ ಒಪ್ಪಿಸುವುದು ಕಷ್ಟವಾಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಹೊಸ ಗಾಡಿಗಳ ಬೆಲೆ ಕಡಿಮೆಯಾಗಿದೆ, ದೊಡ್ಡ ಎಸ್‌ಯುವಿಗಳ ಮೇಲಿನ ತೆರಿಗೆ ಸೆಸ್ ಸೇರಿ 50 ಪರ್ಸೆಂಟ್ ಇದ್ದದ್ದು 40ಕ್ಕೆ ಬಂದಿದೆ. ಹೊಸದು ಇಳಿದರೆ ಹಳೆಯದೂ ಇಳಿಯಬೇಕು. ಅವರು ಮಾತ್ರ ಹಿಂದಿನ ವರ್ಷ ಯಾರೋ ಸ್ನೇಹಿತರು ಮಾರಿದ ಬೆಲೆಯನ್ನೇ ಹಿಡಿದುಕೊಂಡಿದ್ದರು. 12.25ಕ್ಕೆ ಇಳಿದರು, ಆಮೇಲೆ 11.90. ಅಲ್ಲಿಗೆ ನಿಂತರು.

ತಮ್ಮನ ಮುಖ ನೋಡಿದರೆ ಒಂದು ಲಕ್ಷ ತಾನೇ ಅನ್ನುವ ಹಾಗಿತ್ತು. ಒಂದು ಲಕ್ಷಕ್ಕೆ ಒಳ್ಳೆ ಗಾಡಿ ಬಿಡುವುದು ಕೆಲವೊಮ್ಮೆ ತಪ್ಪು, ನಿಜ. ಆ 96,000 ಕಿಲೋಮೀಟರ್‌ಗೆ ಬಿಲ್ ಇದ್ದಿದ್ದರೆ ನಾನೇ 11.90ಕ್ಕೆ ತಗೋ ಅನ್ನುತ್ತಿದ್ದೆ. ಬಿಲ್ ಇಲ್ಲ, ಲಾಕ್ ಕೂರುತ್ತಿಲ್ಲ, ಅದು ಬರೀ ಲಾಕ್ ಹಾಕುವ ಭಾಗದ ತೊಂದರೆಯಾ ಅಥವಾ ಒಳಗಿನ ಡಿಫರೆನ್ಷಿಯಲ್ಲೇ ಸವೆದಿದೆಯಾ ಅಂತ ಬಿಚ್ಚದೆ ಹೇಳಲಾಗುವುದಿಲ್ಲ. ಒಳಗೇ ಸವೆದಿದ್ದರೆ ಆ 30,000 ಎಲ್ಲಿಗೂ ಸಾಲದು. ಲಾಕ್ ಸರಿ ಮಾಡಿಸಿ ತೋರಿಸಿ, 11.25 ಕೊಡುತ್ತೇವೆ, ಖರ್ಚಿನಲ್ಲಿ ಅರ್ಧ ನಮ್ಮದು ಅಂತ ಕೊನೆಯ ಮಾತು ಇಟ್ಟೆವು. ಲಾಕ್ ಕೆಲಸ ಮುಗಿದಿದ್ದರೆ 2.15ರಲ್ಲಿ 30,000 ಬಾಕಿ ಇರುವುದಿಲ್ಲ, ಅನುಮಾನವೂ ಇರುವುದಿಲ್ಲ, ಅದಕ್ಕೇ ಬರೆದಿಟ್ಟದ್ದಕ್ಕಿಂತ ಮೇಲೆ ಹೋಗಲು ಒಪ್ಪಿದ್ದು. ಅವರು ಅಷ್ಟು ತಲೆನೋವು ಬೇಡ ಅಂದರು. ಆ ಗಾಡಿ ಬೆಂಗಳೂರಲ್ಲೇ 12 ಲಕ್ಷಕ್ಕೆ ಹೋಯಿತು ಅಂತ ಆಮೇಲೆ ಗೊತ್ತಾಯಿತು. ಊರೊಳಗೆ, ಹೈವೇಯಲ್ಲಿ ಮಾತ್ರ ಓಡಿಸುವವರಿಗೆ ಅದು ಕೆಟ್ಟ ವ್ಯಾಪಾರ ಅಲ್ಲ. ಅವರಿಗೆ ಆ ಲಾಕ್ ಬೇಡ. ಇವನಿಗೆ ಅದೇ ಬೇಕು.

ಈ ಮಳೆಗಾಲಕ್ಕೆ ಅವನು ಜಾರುವ ಎರಡು ಜಾಗಗಳಲ್ಲಿ ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸುತ್ತಿದ್ದಾನೆ. ಅದು ಯಾವ ಗಾಡಿ ಬಂದರೂ ಉಪಯೋಗಕ್ಕೆ ಬರುತ್ತದೆ. ಹಳ್ಳ ಮಾತ್ರ ಹಾಗೇ ಇದೆ, ಹಾಗಾಗಿ ಫೋರ್ ಬೈ ಫೋರ್ ಹುಡುಕಾಟ ನಿಂತಿಲ್ಲ. ಈಗ ಮೂರು ಲಕ್ಷ ದಾಟಿದ ಗಾಡಿಗಳನ್ನೂ ನೋಡುತ್ತಿದ್ದಾನೆ. ಫೋನಲ್ಲಿ ಎಷ್ಟು ಓಡಿದೆ ಅಂತ ಕೇಳುವ ಮೊದಲು ಬೆಲ್ಟ್ ಬದಲಿಸಿದ ಬಿಲ್ ಇದೆಯಾ, ಇಂಜೆಕ್ಟರ್ ಸೀಲ್ ಯಾವಾಗ ಆಗಿದೆ, ಡಿಫರೆನ್ಷಿಯಲ್ ಲಾಕ್ ಹಾಕಿ ಒಂದು ವೀಡಿಯೋ ಕಳಿಸುತ್ತೀರಾ ಅಂತ ಕೇಳುತ್ತಾನೆ. ವೀಡಿಯೋ ಕಳಿಸದವರ ಗಾಡಿ ನೋಡಲು ಹೋಗುವುದಿಲ್ಲ.